ಹಚ್ಚೆಯಂಗಡಿಯೂ ನಗರಸಭೆಯ ಅಪ್ಪಣೆಯೂ

ಹಚ್ಚೆ ಹಾಕುವ ಅಂಗಡಿಗಳನ್ನು ಕಟ್ಟುಪಾಡಿಗೆ ಒಳಪಡಿಸಬೇಕೆಂಬ ಮಾತು ನಮ್ಮ ಸೀಮೆಯಲ್ಲಿಯೂ ಎದ್ದಿದೆ. 2025ರಲ್ಲಿ ಕರ್ನಾಟಕದ ಆರೋಗ್ಯ ಮಂತ್ರಿಗಳು, ಹಚ್ಚೆಯ ಶಾಯಿಯ ಮಾದರಿಗಳಲ್ಲಿ ಭಾರಲೋಹಗಳು ಕಂಡುಬಂದಿರುವುದನ್ನು ತಿಳಿಸಿ, ಈ ಕಸುಬಿಗೆ ನಿಯಮಗಳನ್ನು ತರುವ ಇಂಗಿತವನ್ನು ಸೂಚಿಸಿದರು. ಇಂಗಿತವು ಒಳ್ಳೆಯದೇ. ಆದರೆ ನಿಯಮವನ್ನು ರಚಿಸುವುದು ಒಂದು; ಅಪ್ಪಣೆ ಕೊಡುವ ಅಥವಾ ಬಿಡುವ ಅಧಿಕಾರವನ್ನು ಹತ್ತಾರು ಮಂದಿಯ ಮನಸ್ಸಿಗೆ ಒಪ್ಪಿಸಿ ಸುಮ್ಮನಾಗುವುದು ಮತ್ತೊಂದು. ಇವೆರಡಕ್ಕೂ ಇರುವ ಅಂತರವು ಏನೆಂಬುದಕ್ಕೆ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ಆರಿಜೋನಾದ ಮೆಸಾ ನಗರದಲ್ಲಿ ನಡೆದ ವ್ಯವಹಾರವು ಒಳ್ಳೆಯ ನಿದರ್ಶನವಾಗಿದೆ. ನಮ್ಮ ನಗರಸಭಾ ಸದಸ್ಯರೂ ಅಧಿಕಾರಿವರ್ಗದವರೂ ಅದನ್ನು ಸಾವಧಾನವಾಗಿ ಪರಿಶೀಲಿಸಬೇಕೆಂದು ನಾವು ಅಪೇಕ್ಷಿಸುತ್ತೇವೆ.

ಮೆಸಾ ಎಂಬುದು ಫೀನಿಕ್ಸ್ ನಗರದ ಮಗ್ಗುಲಲ್ಲಿರುವ, ಐದು ಲಕ್ಷದಷ್ಟು ಜನವಸತಿಯುಳ್ಳ ಊರು. 2008ನೆಯ ಇಸವಿ ಜುಲೈ ತಿಂಗಳಿನಲ್ಲಿ ಕೋಲ್ಮನ್ ಎಂಬ ದಂಪತಿಗಳು ಅಲ್ಲಿನ ಒಂದು ಅಂಗಡಿಸಾಲಿನಲ್ಲಿ ಹಚ್ಚೆಯಂಗಡಿಯನ್ನು ತೆರೆಯಲು ಅಪ್ಪಣೆ ಬೇಡಿ ಅರ್ಜಿ ಹಾಕಿಕೊಂಡರು. ಆ ನಗರದ ಅಂದಿನ ನಿಬಂಧನೆಯಂತೆ ಹಚ್ಚೆಯಂಗಡಿಗೆ ನಗರಸಭೆಯ ವಿಶೇಷ ಅನುಮತಿಯೇ ಆಗಬೇಕು. ಕಚೇರಿಯ ರುಜುವೂ ಮೊಹರೂ ಸಾಲವು, ಸಭೆ ಕೂಡಿ ಮತ ಕೊಡಬೇಕು. ನಗರ ಯೋಜನಾ ಕಚೇರಿಯ ಸಿಬ್ಬಂದಿಯವರು ಅರ್ಜಿಯನ್ನು ಶೋಧಿಸಿ ನೋಡಿ, ಕೆಲವು ಷರತ್ತುಗಳೊಡನೆ ಅಪ್ಪಣೆ ಕೊಡಬಹುದೆಂದು ಶಿಫಾರಸು ಬರೆದರು. ಆಮೇಲೆ ಕಡತವು ಯೋಜನಾ ಮಂಡಲಿಗೆ ಹೋಯಿತು. ಸಾರ್ವಜನಿಕ ವಿಚಾರಣೆ ನಡೆಯಿತು. ಈ ಉದ್ಯೋಗವು ಆ ಸ್ಥಳಕ್ಕೆ ಒಪ್ಪುವುದೋ, ನೆರೆಹೊರೆಯ ಹಿತಕ್ಕೆ ಅನುಗುಣವೋ ಎಂಬ ಸಂದೇಹವನ್ನು ಮುಂದಿಟ್ಟು, ಮಂಡಲಿಯು ಮೂರಕ್ಕೆ ಎರಡು ಮತಗಳಿಂದ ಅರ್ಜಿಯನ್ನು ತಿರಸ್ಕರಿಸಬೇಕೆಂದು ಸಲಹೆಯಿತ್ತಿತು. 2009ರ ಮಾರ್ಚಿಯಲ್ಲಿ ನಗರಸಭೆಯು ಆರಕ್ಕೆ ಒಂದು ಮತದಿಂದ ತಿರಸ್ಕರಿಸಿಯೂ ಬಿಟ್ಟಿತು. ಕಡತವನ್ನು ಓದಿದವರು ಕೊಡಬಹುದೆಂದರು, ಕೈಯೆತ್ತಿದವರು ಕೂಡದೆಂದರು. ಎಂಟು ತಿಂಗಳು ಕಾದ ದಂಪತಿಗಳಿಗೆ ಸಿಕ್ಕ ಫಲ ಇಷ್ಟೇ.

ನೆರೆಹೊರೆಯ ಹಿತ! ಕೇಳಲು ಎಷ್ಟು ಗಂಭೀರವಾದ ಮಾತು! ಆದರೆ ಅದನ್ನು ಅಳೆಯುವ ಮೊಳಗೋಲು ಯಾವುದು? ಅಂಗಡಿಯ ಬಾಗಿಲು ರಸ್ತೆಯಿಂದ ಇಷ್ಟು ಅಡಿ ದೂರವಿರಬೇಕೆಂದರೆ ಅರ್ಜಿದಾರನು ಹಗ್ಗ ಹಿಡಿದು ಅಳೆದು ನೋಡಿಕೊಳ್ಳಬಲ್ಲನು. ರಾತ್ರಿ ಇಂಥ ಗಂಟೆಗೆ ಬಾಗಿಲು ಹಾಕಬೇಕೆಂದರೆ ಗಡಿಯಾರವನ್ನು ನೋಡಿ ಹಾಕಬಲ್ಲನು. ನೀರಿನ ನಲ್ಲಿ, ಸೂಜಿಗಳನ್ನು ಶುದ್ಧಗೊಳಿಸುವ ಆವಿಯಂತ್ರ, ಕಸ ವಿಲೇವಾರಿಯ ವ್ಯವಸ್ಥೆ ಇವೆಲ್ಲ ಇರಬೇಕೆಂದರೆ ಸಾಲ ಮಾಡಿಯಾದರೂ ಒದಗಿಸಿಯಾನು. ಆದರೆ ಆರು ಮಂದಿ ಸದಸ್ಯರ ಅಭಿರುಚಿಗೆ ತಾನು ಒಪ್ಪಿಗೆಯಾಗಬೇಕೆಂದರೆ ಆ ಬಡಪಾಯಿ ಯಾವ ಬಡಗಿಯನ್ನು ಕರೆದು ಏನನ್ನು ಸರಿಪಡಿಸಿಕೊಳ್ಳಬೇಕು? ನಿಯಮವು ಪಾಲಿಸುವವನಿಗೆ ಮುಂಗಡವಾಗಿ ತಿಳಿದಿರತಕ್ಕದ್ದು. ಅರ್ಜಿ ಬಂದ ಮೇಲೆ ಹುಟ್ಟುವ ನಿಯಮಕ್ಕೆ ನಿಯಮವೆಂಬ ಹೆಸರೇ ಸಲ್ಲದು.

ಕೋಲ್ಮನ್ ದಂಪತಿಗಳು ನ್ಯಾಯಸ್ಥಾನದ ಮೆಟ್ಟಿಲೇರಿದರು. ಕೆಳಗಿನ ನ್ಯಾಯಾಲಯವು ದಾವೆಯನ್ನು ವಿಚಾರಣೆಗೆ ಮುಂಚೆಯೇ ವಜಾ ಮಾಡಿತು. ಮೇಲ್ಮನವಿಯಲ್ಲಿ ಆ ಆಜ್ಞೆಯು ನಿಲ್ಲಲಿಲ್ಲ. 2012ರ ಸೆಪ್ಟೆಂಬರಿನಲ್ಲಿ ಆರಿಜೋನಾದ ಸರ್ವೋಚ್ಚ ನ್ಯಾಯಾಲಯವು, ಹಚ್ಚೆ ಹಾಕಿಸಿಕೊಳ್ಳುವುದೂ, ಹಾಕುವುದೂ, ಹಾಕುವುದನ್ನು ಜೀವನೋಪಾಯವಾಗಿ ನಡೆಸುವುದೂ ರಾಜ್ಯಘಟನೆಯು ಕಾಪಾಡತಕ್ಕ ವಾಕ್‌ಸ್ವಾತಂತ್ರ್ಯದ ಭಾಗವೇ ಎಂದು ಸಾರಿತು. ತೆರಿಗೆ, ಆರೋಗ್ಯ, ಪಟ್ಟಣದ ವಲಯವಿಭಾಗ ಇವೇ ಮೊದಲಾದ, ಎಲ್ಲರಿಗೂ ಸಮವಾಗಿ ಅನ್ವಯಿಸುವ ಕಾನೂನುಗಳು ಹಚ್ಚೆಗಾರನಿಗೂ ಅನ್ವಯಿಸುತ್ತವೆಂಬುದನ್ನು ನ್ಯಾಯಾಧೀಶರು ಒಪ್ಪಿದರು. ಅವರು ಹಿಡಿದ ತಪ್ಪು ಬೇರೆ. ಕೊಡುವುದಕ್ಕೂ ಬಿಡುವುದಕ್ಕೂ ಎಲ್ಲೆಯಿಲ್ಲದ ವಿವೇಚನೆಯನ್ನು ಸಭೆಯ ಕೈಗೆ ಕೊಡುವ ಅಪ್ಪಣೆಯ ಪದ್ಧತಿಯನ್ನು ಸಾಮಾನ್ಯ ಕಟ್ಟಳೆಯೆಂದು ಹೇಳಿ ಪಾರಾಗಲು ಬಾರದು ಎಂಬುದೇ ಅದು. ಹೀಗೆಂದು ದಾವೆಯನ್ನು ವಿಚಾರಣೆಗೆ ಹಿಂದಿರುಗಿಸಿದರು. ಅರ್ಜಿ ಕೊಟ್ಟು ನಾಲ್ಕು ವರ್ಷ ಕಳೆದಿದ್ದಿತು. ನ್ಯಾಯವು ಅರ್ಜಿದಾರನ ಪರವಾಗಿ ನುಡಿದರೂ ನಾಲ್ಕು ವರ್ಷದ ಸಂಪಾದನೆಯನ್ನು ಹಿಂದಕ್ಕೆ ತಂದುಕೊಡುವುದು ಹೇಗೆ?

ಚರ್ಮದ ಮೇಲಿನ ಚಿತ್ರಕ್ಕೂ ವಾಕ್‌ಸ್ವಾತಂತ್ರ್ಯಕ್ಕೂ ಏನು ಸಂಬಂಧವೆಂದು ನಮ್ಮ ವಾಚಕರಲ್ಲಿ ಕೆಲವರು ನಕ್ಕಾರು. ನಗುವ ಮುನ್ನ ಪತ್ರಿಕೆಗಳ ಹಳೆಯ ಅನುಭವವನ್ನು ಕೊಂಚ ನೆನೆಯಲಿ. 1910ರ ಮುದ್ರಣ ಕಾಯಿದೆಯಂತೆ ಹೊಸದಾಗಿ ಮುದ್ರಣಾಲಯವನ್ನು ಇಡುವವನಿಂದ 500ರಿಂದ 2000 ರೂಪಾಯಿಗಳವರೆಗೆ ಎಷ್ಟು ಜಾಮೀನು ಕೇಳುವುದು, ಕೇಳದೆ ಬಿಡುವುದು ಎಂಬುದೆಲ್ಲ ಮ್ಯಾಜಿಸ್ಟ್ರೇಟನ ಮರ್ಜಿಗೆ ಸೇರಿತ್ತು. ಮಾತಿನ ಬಾಯಿ ಕಟ್ಟಲು ಮಾತನ್ನು ನಿಷೇಧಿಸಲೇಬೇಕೆಂದಿಲ್ಲ, ಅಚ್ಚಿನ ಮನೆಯ ಬಾಗಿಲಿನ ಬೀಗದಕೈಯನ್ನು ಇಟ್ಟುಕೊಂಡರೆ ಸಾಕೆಂಬುದನ್ನು ಅಂದಿನ ಸರ್ಕಾರದವರು ಚೆನ್ನಾಗಿ ಬಲ್ಲವರಾಗಿದ್ದರು.

ಮೆಸಾ ಒಂದೇ ಅಲ್ಲ. ಕ್ಯಾಲಿಫೋರ್ನಿಯಾದ ಹರ್ಮೋಸಾ ಬೀಚ್ ಎಂಬ ಕಡಲತಡಿಯ ಊರು ಹಚ್ಚೆಯಂಗಡಿಗಳನ್ನು ಪೂರ್ತಿಯಾಗಿ ನಿಷೇಧಿಸಿತ್ತು. ಜನರ ಆರೋಗ್ಯಕ್ಕಾಗಿ ಎಂಬುದು ಅದರ ಸಮಾಧಾನ. ಲಾಸ್ ಏಂಜಲಿಸ್ ಜಿಲ್ಲೆಯಲ್ಲಿ ಸುಮಾರು 300 ಅಂಗಡಿಗಳೂ 850ಕ್ಕೂ ಹೆಚ್ಚು ಹಚ್ಚೆಗಾರರೂ ಇದ್ದರೆ, ಅವರೆಲ್ಲರನ್ನೂ ನೋಡಿಕೊಳ್ಳಲು ಇದ್ದ ತಪಾಸಣಾಧಿಕಾರಿ ಒಬ್ಬನೇ! 2010ರಲ್ಲಿ ಆ ಪ್ರಾಂತದ ಮೇಲ್ಮನವಿ ನ್ಯಾಯಾಲಯವು ನಿಷೇಧವನ್ನು ರದ್ದುಪಡಿಸಿತು. ತಪಾಸಣೆ ಸಾಲದಿದ್ದರೆ ತಪಾಸಣೆಯನ್ನು ಹೆಚ್ಚಿಸತಕ್ಕದ್ದು, ಕಸುಬನ್ನೇ ಹೊರಗೆ ಹಾಕತಕ್ಕದ್ದಲ್ಲ ಎಂಬುದು ಆ ತೀರ್ಪಿನಿಂದ ಬರುವ ಅರ್ಥ. ಒಬ್ಬನ ಜಾಗದಲ್ಲಿ ಹತ್ತು ಮಂದಿಯನ್ನು ನೇಮಿಸಲು ಹಣ ಬೇಕು. ನಿಷೇಧಕ್ಕೆ ಒಂದು ಗೊತ್ತುವಳಿ ಸಾಕು. ಬಡಪಾಯಿಯ ಮೇಲೆ ಗೊತ್ತುವಳಿಯೇ ಬೀಳುವುದು ಸಹಜವಷ್ಟೆ.

ಫ್ಲಾರಿಡಾದ ತುದಿಯಲ್ಲಿರುವ ಕೀ ವೆಸ್ಟ್ ಎಂಬ ದ್ವೀಪದ ಊರಿನ ವಾದವು ಇನ್ನೂ ಸ್ವಾರಸ್ಯವಾದದ್ದು. ಅಲ್ಲಿಯ ಪುರಾತನ ಕಟ್ಟಡಗಳ ಕೇರಿಯಲ್ಲಿ, ಮೊದಲಿನಿಂದ ಇದ್ದ ಎರಡು ಅಂಗಡಿಗಳ ಹೊರತು ಹೊಸ ಹಚ್ಚೆಯಂಗಡಿಗೆ ಅವಕಾಶವಿರಲಿಲ್ಲ. ಏಕೆಂದರೆ, ಪ್ರವಾಸಕ್ಕೆ ಬಂದ ಜನರು ಕುಡಿದ ಮತ್ತಿನಲ್ಲಿ ಹಚ್ಚೆ ಹಾಕಿಸಿಕೊಂಡು ಮಾರನೆಯ ದಿನ ಪರಿತಪಿಸುವರು, ಊರಿನ ಹೆಸರೆತ್ತಿದರೆ ಮುಖ ಸಿಂಡರಿಸುವರು, ಅದರಿಂದ ಯಾತ್ರಿಕರ ವ್ಯಾಪಾರ ಕೆಡುವುದು ಎಂದು ನಗರದವರು ಹೇಳಿದರು! ಇದಕ್ಕೆ ಸಾಕ್ಷ್ಯವೇನೆಂದು ಕೇಳಿದರೆ, ಯಾವ ಅಧ್ಯಯನವೂ ಇಲ್ಲ, ಲೆಕ್ಕವೂ ಇಲ್ಲ. ಜಿಮ್ಮಿ ಬಫೆಟ್ ಎಂಬ ಗಾಯಕನ ಜನಪ್ರಿಯ ಗೀತೆಯೊಂದನ್ನು ಉದಾಹರಿಸಲಾಯಿತು. 2015ರಲ್ಲಿ ಮೇಲ್ಮನವಿ ನ್ಯಾಯಾಧೀಶರು, ಆ ಹಾಡಿನೊಳಗಿನ ವ್ಯಕ್ತಿಯು ತನ್ನ ಹಚ್ಚೆಯನ್ನು ಕಂಡು ನಾಚಿದಂತೆ ತೋರುವುದಿಲ್ಲ, ಮೆಚ್ಚಿದಂತೆಯೇ ತೋರುತ್ತದೆ ಎಂದು ಸೂಕ್ಷ್ಮವಾಗಿ ಚುಚ್ಚಿ, ನಗರದ ವಾದವನ್ನು ತಳ್ಳಿಹಾಕಿದರು. ಒಬ್ಬ ಕಸುಬಿನವನ ಅನ್ನದ ಪ್ರಶ್ನೆಗೆ ಒಂದು ಹಾಡನ್ನು ಪುರಾವೆಯಾಗಿ ತರುವ ಧೈರ್ಯವು ಅಧಿಕಾರಕ್ಕಲ್ಲದೆ ಬೇರೆ ಯಾರಿಗೆ ಬಂದೀತು?

ನೆರೆಯವರ ಆತಂಕವನ್ನು ನಾವು ಹಗುರವಾಗಿ ಕಾಣುವವರಲ್ಲ. ತಮ್ಮ ಬೀದಿ ಹೇಗಿರಬೇಕೆಂಬುದರಲ್ಲಿ ಸಂಸಾರವಂದಿಗರಿಗೆ ಹಕ್ಕಿನ ಮಾತಿದೆ. ನಡುರಾತ್ರಿಯ ಗದ್ದಲ, ಬಾಗಿಲೆದುರು ನಿಲ್ಲುವ ವಾಹನಗಳು, ಶಾಲೆಯ ಹುಡುಗರು ಕದ್ದು ಒಳಹೊಕ್ಕು ಮೈಗೆ ಸೂಜಿ ಚುಚ್ಚಿಸಿಕೊಳ್ಳುವ ಭಯ ಇವು ಪೊಳ್ಳು ಮಾತುಗಳಲ್ಲ. ಎಲ್ಲಕ್ಕಿಂತ ದೊಡ್ಡದು ರಕ್ತದ ಪ್ರಶ್ನೆ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಜಾಡ್ಯದ ವಿಷಾಣುವು ದೇಹದ ಹೊರಗೆ ಕಡೆಯಪಕ್ಷ ಏಳು ದಿನ ಜೀವಂತವಾಗಿರಬಲ್ಲದು. ಒಬ್ಬನಿಗೆ ಚುಚ್ಚಿದ ಸೂಜಿಯಿಂದ ಇನ್ನೊಬ್ಬನಿಗೆ ಚುಚ್ಚುವವನನ್ನು ಶಿಕ್ಷಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ನಮ್ಮ ದೇಶದ ರಕ್ತನಿಧಿಗಳ ನಿಯಮದಂತೆ ಹಚ್ಚೆ ಹಾಕಿಸಿಕೊಂಡವರಿಂದ ಹನ್ನೆರಡು ತಿಂಗಳು ರಕ್ತವನ್ನು ಪಡೆಯುವಂತಿಲ್ಲ; ಆ ಎಚ್ಚರಿಕೆಯು ಸುಮ್ಮನೆ ಹುಟ್ಟಿದ್ದಲ್ಲ. ಆದರೆ ಈ ಭಯವನ್ನು ಮುಂದಿಟ್ಟುಕೊಂಡು ಬಾಗಿಲನ್ನೇ ಮುಚ್ಚಿದರೆ ಆಗುವುದೇನು? ನ್ಯೂಯಾರ್ಕ್ ನಗರವು 1961ರಲ್ಲಿ ಹೆಪಟೈಟಿಸಿನ ಕಾರಣದಿಂದಲೇ ಹಚ್ಚೆಯನ್ನು ನಿಷೇಧಿಸಿತು. 1997ರವರೆಗೂ ನಿಷೇಧವು ಕಾಗದದ ಮೇಲಿದ್ದಿತು. ಕಸುಬು ಮಾತ್ರ ಮನೆಗಳ ಒಳಕೋಣೆಗಳಲ್ಲಿ ಸಾಗಿಯೇ ಇದ್ದಿತು. ಬೀದಿಯ ಮೇಲಿನ ಅಂಗಡಿಯೊಳಕ್ಕೆ ಆರೋಗ್ಯಾಧಿಕಾರಿಯು ಯಾವ ಹೊತ್ತಿನಲ್ಲಾದರೂ ಕಾಲಿಡಬಹುದು. ಕದ್ದು ನಡೆಯುವ ಕೋಣೆಯ ವಿಳಾಸವಾದರೂ ಅವನಿಗೆ ಎಲ್ಲಿ ಸಿಕ್ಕಬೇಕು?

ಯೂರೋಪಿನ ಒಕ್ಕೂಟದವರು ಹಿಡಿದ ದಾರಿ ಇದಕ್ಕಿಂತ ಎಷ್ಟೋ ವಿವೇಕದ್ದು. 2022ರ ಜನವರಿಯಿಂದ ಅವರು ಹಚ್ಚೆಯ ಶಾಯಿಯಲ್ಲಿ ಬೆರೆಯುವ ಸುಮಾರು ನಾಲ್ಕು ಸಾವಿರ ರಾಸಾಯನಿಕಗಳಿಗೆ ಮಿತಿಯನ್ನು ವಿಧಿಸಿದ್ದಾರೆ. ಹಚ್ಚೆಗಾರರು ಗೊಣಗಿದರೆಂಬುದು ನಿಜ. ಆದರೂ ಪಾಲಿಸಬೇಕಾದದ್ದು ಏನೆಂಬುದು ಅವರಿಗೆ ಗೊತ್ತಿದೆ.

ಇನ್ನು ನಮ್ಮ ಮನೆಯ ಮಾತು. ಹಚ್ಚೆಯೆಂದರೆ ಮೂಗು ಮುರಿಯುವ ಪಟ್ಟಣಿಗರಲ್ಲಿ ಎಷ್ಟು ಮಂದಿಯ ಅಜ್ಜಿಯರ ಮುಂಗೈಯಲ್ಲಿ ಹಸಿರು ಚುಕ್ಕೆಗಳಿರಲಿಲ್ಲ? ಕೊರವಂಜಿಯು ಸೂಜಿಯ ಕಟ್ಟು, ಕಾಡಿಗೆ, ಸೊಪ್ಪಿನ ರಸಗಳೊಡನೆ ಕೇರಿಗೆ ಬಂದರೆ ಜಗಲಿಯ ಮೇಲೆ ಕೂರಿಸಿ, ಮೊರದಲ್ಲಿ ಕಾಳು ಕೊಟ್ಟು, ಹಣೆಗೂ ಗಲ್ಲಕ್ಕೂ ತೋಳಿಗೂ ಹಚ್ಚೆ ಚುಚ್ಚಿಸಿಕೊಂಡ ತಾಯಂದಿರ ಮೊಮ್ಮಕ್ಕಳೇ ಇಂದು ಆ ಗುರುತನ್ನು ಪುಂಡರ ಚಿಹ್ನೆಯೆನ್ನುತ್ತಾರೆ. ಹಾಗೆಂದು ಹಳೆಯದೆಲ್ಲವೂ ಶುದ್ಧವಾಗಿತ್ತೆಂದು ನಾವು ಹೇಳುವುದಿಲ್ಲ. ಕೇರಿಯ ಹತ್ತು ತೋಳುಗಳಿಗೂ ಆಕೆಯ ಸೂಜಿಯ ಕಟ್ಟು ಒಂದೇ ಆಗಿದ್ದಿತು. ಸೂಜಿಯನ್ನು ಪರೀಕ್ಷಿಸಬೇಕು, ಗುರುತನ್ನು ಹೊತ್ತವರ ಯೋಗ್ಯತೆಯನ್ನಲ್ಲ, ಎಂಬುದಷ್ಟೇ ನಮ್ಮ ವಾದ.

ಈ ವಿಷಯದಲ್ಲಿ ನಮಗೆ ಅಮೆರಿಕದವರ ಉಪದೇಶವೇ ಬೇಕೆಂದಿಲ್ಲ. ಉತ್ತರ ಪ್ರದೇಶದಲ್ಲಿ 1953ರ ಕಲ್ಲಿದ್ದಲು ನಿಯಂತ್ರಣ ಆಜ್ಞೆಯು, ಕಲ್ಲಿದ್ದಲು ವ್ಯಾಪಾರಿಗೆ ಲೈಸೆನ್ಸು ಕೊಡುವ, ನಿರಾಕರಿಸುವ, ಕಿತ್ತುಕೊಳ್ಳುವ ಅಧಿಕಾರವನ್ನೆಲ್ಲ ಒಬ್ಬ ಲೈಸೆನ್ಸು ಅಧಿಕಾರಿಯ ಇಚ್ಛೆಗೆ ಬಿಟ್ಟುಕೊಟ್ಟಿದ್ದಿತು. ದ್ವಾರಕಾ ಪ್ರಸಾದ್ ಲಕ್ಷ್ಮೀ ನಾರಾಯಣ್ ಮೊಕದ್ದಮೆಯಲ್ಲಿ 1954ರಲ್ಲಿಯೇ ನಮ್ಮ ಸುಪ್ರೀಂ ಕೋರ್ಟು ಆ ಕಲಮನ್ನು ಹೊಡೆದುಹಾಕಿತು. ಅಧಿಕಾರಿಯು ಕಾರಣಗಳನ್ನು ಬರೆದಿಡಬೇಕೆಂದು ಆಜ್ಞೆಯಲ್ಲಿ ಇದ್ದರೂ, ಆ ಕಾರಣಗಳನ್ನು ತೂಗಿ ನೋಡುವ ಮೇಲಿನ ಅಧಿಕಾರಿ ಯಾರೂ ಇಲ್ಲದಿದ್ದುದರಿಂದ ಅದು ರಕ್ಷಣೆಯಾಗದೆಂದು ನ್ಯಾಯಾಧೀಶರು ಕಂಡರು. ಕಲ್ಲಿದ್ದಲಿಗೆ ಸಲ್ಲುವ ನ್ಯಾಯವು ಕಾಡಿಗೆಗೆ ಸಲ್ಲಬಾರದೆ?

ಆದುದರಿಂದ ನಮ್ಮಲ್ಲಿ ನಿಯಮಗಳನ್ನು ಬರೆಯುವ ಕೆಲಸಕ್ಕೆ ಕೈಹಾಕುವವರಿಗೆ ನಾವು ಸೂಚಿಸುವುದು ಹೆಚ್ಚೇನಿಲ್ಲ. ಶಾಯಿಗೆ ಮಾನದಂಡವಿರಲಿ. ಸೂಜಿಯು ಒಂದೇ ಸಲಕ್ಕೆ ಬಳಸುವುದಾಗಿರಲಿ, ಮುಚ್ಚಿದ ಪೊಟ್ಟಣವನ್ನು ಗಿರಾಕಿಯ ಎದುರಿಗೇ ಒಡೆಯುವಂತಿರಲಿ. ಇಷ್ಟು ವಯಸ್ಸಿಗಿಂತ ಕಡಿಮೆಯವರಿಗೆ ಹಾಕಕೂಡದೆಂದು ಸ್ಪಷ್ಟವಾಗಿ ಬರೆದಿರಲಿ. ವೇಳೆಯೂ ದೂರವೂ ಅಂಕಿಗಳಲ್ಲಿರಲಿ. ತಪಾಸಣೆ ಮಾಡುವವರು ಲಾಸ್ ಏಂಜಲಿಸಿನಂತೆ ಒಬ್ಬರೇ ಆಗದಿರಲಿ. ಇವುಗಳನ್ನು ಪೂರೈಸಿದವನಿಗೆ ಇಂತಿಷ್ಟು ದಿನಗಳೊಳಗೆ ಲೈಸೆನ್ಸು ಕೈಸೇರಲಿ. ಸಭೆಯ ಮುಂದೆ ಕೈಕಟ್ಟಿ ನಿಲ್ಲುವ ಪ್ರಸಂಗವೇ ಬಾರದಿರಲಿ. ಪೂರೈಸದವನ ಅರ್ಜಿಯನ್ನು ತಿರಸ್ಕರಿಸಬೇಕಾದರೆ, ಎಷ್ಟನೆಯ ಕಲಮಿನ ಯಾವ ಷರತ್ತು ನೆರವೇರಿಲ್ಲವೆಂಬುದನ್ನು ಅಧಿಕಾರಿಯು ತನ್ನ ರುಜುವಿನ ಮೇಲ್ಗಡೆಯಲ್ಲಿ ಬರೆಯುವುದಕ್ಕೂ, ಅದರ ವಿರುದ್ಧ ಅರ್ಜಿದಾರನು ಯಾರಲ್ಲಿ ಎಷ್ಟು ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದೆಂಬುದನ್ನು ನಮೂದಿಸುವುದಕ್ಕೂ ಅರ್ಜಿಯ ನಮೂನೆಯಲ್ಲಿಯೇ ಎರಡು ಸಾಲು ಜಾಗ ಬಿಟ್ಟಿರಲಿ.