ಮಕ್ಕಳ ತಟ್ಟೆಗೆ ಕಾಳು, ಸೊಪ್ಪು, ಮೊಟ್ಟೆ ಬರಲಿ

ಮಕ್ಕಳ ಅಪೌಷ್ಟಿಕತೆ ಎಂದರೆ ಎಲುಬು ಕಾಣುವ ಮೈ ಮಾತ್ರವಲ್ಲ. ವಯಸ್ಸಿಗೆ ತಕ್ಕ ಎತ್ತರ ಬಾರದಿರುವುದು (ಕುಂಠಿತ ಬೆಳವಣಿಗೆ), ಎತ್ತರಕ್ಕೆ ತಕ್ಕ ತೂಕ ಇಲ್ಲದಿರುವುದು (ಕೃಶತೆ), ರಕ್ತಹೀನತೆ, ಅತಿತೂಕ ಎಲ್ಲವೂ ಅದರ ರೂಪಗಳೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ಕುಂಠಿತರು, ಶೇ 19.5ರಷ್ಟು ಮಂದಿ ಕೃಶರು. ಆರು ತಿಂಗಳು ದಾಟಿದ ಮಕ್ಕಳಲ್ಲಿ ರಕ್ತಹೀನತೆ ಇರುವವರು ಶೇ 65.5, ಹಿಂದಿನ ಸಮೀಕ್ಷೆಯಲ್ಲಿ ಈ ಪ್ರಮಾಣ ಶೇ 60.9 ಇತ್ತು. ಅತಿತೂಕದ ಮಕ್ಕಳು ಶೇ 3.2. ಸಂಖ್ಯೆ ಸಣ್ಣದು, ಆದರೆ ಮಕ್ಕಳು ಶಾಲೆಯ ವಯಸ್ಸಿಗೆ ಬಂದಾಗ ಚಿತ್ರ ಬದಲಾಗುತ್ತದೆ. ಜಗತ್ತಿನಲ್ಲಿ 5ರಿಂದ 19 ವರ್ಷದವರ ಪೈಕಿ ಬೊಜ್ಜಿನವರ ಪ್ರಮಾಣ ಕಡಿಮೆ ತೂಕದವರ ಪ್ರಮಾಣವನ್ನು ಇದೇ ಮೊದಲ ಬಾರಿಗೆ ಮೀರಿದೆ ಎಂದು ಯುನಿಸೆಫ್ 2025ರಲ್ಲಿ ಹೇಳಿತು.

ಕೃಶತೆ ಬಡವರದು, ಬೊಜ್ಜು ಉಳ್ಳವರದು ಎಂಬ ತಿಳಿವಳಿಕೆ ಇನ್ನೂ ಗಟ್ಟಿಯಾಗಿದೆ. ಅದಕ್ಕೇ ಒಂದಕ್ಕೆ ಹೊಟ್ಟೆ ತುಂಬಿಸುವ ಯೋಜನೆ, ಇನ್ನೊಂದಕ್ಕೆ ಬಾಯಿ ಕಟ್ಟುವ ಉಪದೇಶ. ಈ ಕರಪತ್ರ ವಾದಿಸುವುದು ಬೇರೆ: ಎರಡಕ್ಕೂ ಮುಖ್ಯ ಕಾರಣಗಳಲ್ಲೊಂದು, ಕಾಳು, ಸೊಪ್ಪು, ಹಾಲು, ಮೊಟ್ಟೆ, ಹಣ್ಣು ಇರಬೇಕಾದ ಜಾಗದಲ್ಲಿ ಬರೀ ಅನ್ನವೋ ಪಾಕೀಟಿನ ತಿನಿಸೋ ಕೂತಿರುವುದು. ಮದ್ದೂ ಒಂದೇ ಕಡೆಯಿಂದ ಶುರುವಾಗಬೇಕು.

ಎರಡರ ನಂಟು ಗರ್ಭದಲ್ಲೇ ಆರಂಭವಾಗುತ್ತದೆ. ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಶಿಶುಗಳ ಜನನ ತೂಕವನ್ನು ಬರೆದಿಟ್ಟಿತ್ತು. ಅಲ್ಲಿ ಹುಟ್ಟಿದವರನ್ನು ದಶಕಗಳ ನಂತರ ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನಡುವಯಸ್ಸಿನ ಹೃದ್ರೋಗ ಹೆಚ್ಚಾಗಿ ಕಂಡಿತು. 1996ರಲ್ಲಿ ಈ ಅಧ್ಯಯನ ಪ್ರಕಟವಾಯಿತು. ಗರ್ಭದಲ್ಲಿ ಸೊರಗಿದ ಮಗು ಮುಂದೆ ಬೇಗಬೇಗನೆ ತೂಕ ಗಳಿಸಿದರೆ ಅದು ಸ್ನಾಯುವಿಗಿಂತ ಕೊಬ್ಬಾಗಿ ಸೇರುವ ಸಂಭವ ಹೆಚ್ಚು. ಹೀಗಾಗಿ ಬಾಣಂತಿ, ಬಸುರಿಯರ ಊಟ ಮಗುವಿನ ಊಟವೇ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆ ಇದನ್ನು ಸರಿಯಾಗಿಯೇ ಗುರುತಿಸಿ ಅಂಗನವಾಡಿಯಲ್ಲಿ ಬಿಸಿಯೂಟದ ವ್ಯವಸ್ಥೆ ಮಾಡಿತು. ಆದರೆ ಕೂಲಿಗೆ ಹೋಗುವವಳು, ತುಂಬು ಬಸುರಿ, ದೂರದ ತಾಂಡಾದವಳು ಪ್ರತಿ ಮಧ್ಯಾಹ್ನ ಅಂಗನವಾಡಿಗೆ ನಡೆದು ಬರಲಾರಳು. ಅಂಥವರಿಗೆ ಊಟ ಮನೆಗೆ ತಲುಪಬೇಕು.

ಮೊದಲ ಆರು ತಿಂಗಳು ಎದೆಹಾಲು ಮಾತ್ರ ಸಾಕು, ನೀರೂ ಬೇಡ. ನಿಜವಾದ ಸಂಕಟ ಏಳನೇ ತಿಂಗಳಿಂದ ಎರಡು ವರ್ಷದವರೆಗೆ. ಆಗ ಮಗುವಿನ ಹೊಟ್ಟೆ ಚಿಕ್ಕದು, ಬೇಕಾಗುವ ಪೋಷಣೆ ದೊಡ್ಡದು. ಎದೆಹಾಲಿನ ಜೊತೆಗೆ 6–8 ತಿಂಗಳಲ್ಲಿ ದಿನಕ್ಕೆ ಸುಮಾರು 200 ಕಿಲೋಕ್ಯಾಲರಿ, ಒಂದು ವರ್ಷ ದಾಟಿದ ಮೇಲೆ ಸುಮಾರು 550 ಕಿಲೋಕ್ಯಾಲರಿ ಊಟದಿಂದ ಬರಬೇಕು. ತೆಳುವಾದ ಗಂಜಿ, ಬೇಳೆಯ ಕಟ್ಟು ಕುಡಿಸಿದರೆ ಹೊಟ್ಟೆ ನೀರಿನಿಂದ ತುಂಬುತ್ತದೆ, ಮಗು ಬಾಯಿ ತಿರುಗಿಸುತ್ತದೆ, ‘ಉಣ್ಣುವುದೇ ಇಲ್ಲ’ ಎಂಬ ದೂರು ಹುಟ್ಟುತ್ತದೆ. ಊಟ ಚಮಚದಿಂದ ಜಾರದಷ್ಟು ಗಟ್ಟಿಯಾಗಿರಬೇಕು.

ಹಳೇ ಮೈಸೂರು ಭಾಗದ ರಾಗಿ ಸರಿ ಈ ಕಷ್ಟವನ್ನು ಬಹು ಹಿಂದೆಯೇ ಬಿಡಿಸಿದೆ. ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿಸಿ, ಒಣಗಿಸಿ, ಹುರಿದು, ಬೀಸಿ, ಬಟ್ಟೆಯಲ್ಲಿ ಸೋಸಿದ ಹಿಟ್ಟು ಅದು. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುವುದರಿಂದ ಕಾಯಿಸಿದಾಗ ಹಿಟ್ಟು ಗೋಂದಿನಂತೆ ಬಿಗಿಯುವುದಿಲ್ಲ. ಅದೇ ಬಟ್ಟಲಿನಲ್ಲಿ ಹೆಚ್ಚು ಹಿಟ್ಟು ಹಿಡಿಯುತ್ತದೆ, ಮಗು ಸುಲಭವಾಗಿ ನುಂಗುತ್ತದೆ. ಮೊಳಕೆಯಿಂದ ಕಬ್ಬಿಣಾಂಶ ಮೈಗೆ ಹತ್ತುವುದೂ ಸುಲಭವಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಮೀರಿದ ಕ್ಯಾಲ್ಸಿಯಂ ಇದೆ. ಅಕ್ಕಿಯಲ್ಲಿ ಅದರ ಹತ್ತನೇ ಒಂದು ಪಾಲೂ ಇಲ್ಲ. ಆದರೂ ರಾಗಿ ಒಂದೇ ಸಾಲದು. ಸರಿಗೆ ಹುರಿದ ಹೆಸರುಕಾಳಿನ ಹಿಟ್ಟೋ ಶೇಂಗಾ ಪುಡಿಯೋ ಸೇರಿ, ಮೇಲೊಂದು ಚಮಚ ತುಪ್ಪ ಅಥವಾ ಎಣ್ಣೆ ಬೀಳಬೇಕು. ಜೋಳದ ಸೀಮೆಯಲ್ಲಿ ರೊಟ್ಟಿಯನ್ನು ಬೇಳೆಯಲ್ಲಿ ಮೆತ್ತಗೆ ಕಿವುಚಿ, ನುಗ್ಗೆಸೊಪ್ಪೋ ಮೆಂತ್ಯಸೊಪ್ಪೋ ಬೆರೆಸಿದರೂ ಇದೇ ಫಲ. ಎರಡು ಹನಿ ನಿಂಬೆರಸ ಸೊಪ್ಪಿನ ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ. ಊಟದ ಜೊತೆ ಕೊಡುವ ಚಹಾ ಅದನ್ನು ತಡೆಯುತ್ತದೆ.

ಇಷ್ಟು ಬೆಲೆಬಾಳುವ ಆ ಚಿಕ್ಕ ಹೊಟ್ಟೆಯಲ್ಲಿ ಇಂದು ಮೊದಲು ಜಾಗ ಹಿಡಿಯುತ್ತಿರುವುದು ಬಿಸ್ಕತ್ತು ಮತ್ತು ಚಿಪ್ಸ್. ಮೈದಾ, ಸಕ್ಕರೆ, ತಾಳೆಎಣ್ಣೆ, ಉಪ್ಪು ಬಿಟ್ಟರೆ ಅವುಗಳಲ್ಲಿ ಹೇಳಿಕೊಳ್ಳುವಂಥದ್ದು ಏನಿಲ್ಲ. ಕೂಲಿಕಾರರ ಮನೆಯಲ್ಲಿ ಅಳುವ ಮಗುವಿನ ಕೈಗೆ ಬಂದ ಪಾಕೀಟು ಹಸಿವನ್ನು ಕೊಂದು ಊಟವನ್ನು ತಪ್ಪಿಸುತ್ತದೆ, ಮಗು ಸೊರಗುತ್ತದೆ. ಮೂರು ಹೊತ್ತು ಉಂಡ ಮಗುವಿಗೆ ಅದೇ ಪಾಕೀಟು ಹೆಚ್ಚುವರಿಯಾಗಿ ಸೇರುತ್ತದೆ. ಮಗುವಿಗೆ ಬೊಜ್ಜು ಬರುತ್ತದೆ. ಇಬ್ಬರ ರಕ್ತದಲ್ಲೂ ಕಬ್ಬಿಣ ಕಡಿಮೆಯೇ ಇರಬಹುದು. ಪಾಕೀಟಿನ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್ ಇರುವ ಒಂದು ಮೊಟ್ಟೆ ಸಿಗುತ್ತದೆ.

ಸಿಹಿ ಪಾನೀಯಗಳ ಲೆಕ್ಕ ಇನ್ನೂ ಕೆಟ್ಟದ್ದು. 250 ಮಿಲಿಲೀಟರ್ ತಂಪು ಪಾನೀಯದಲ್ಲಿ ಐದಾರು ಟೀ ಚಮಚ ಸಕ್ಕರೆ ಇರುತ್ತದೆ. ಶಕ್ತಿಯ ಶೇ 5ಕ್ಕಿಂತ ಹೆಚ್ಚು ಹೀಗೆ ಬೆರೆಸಿದ ಸಕ್ಕರೆಯಿಂದ ಬರದಿರುವುದು ಒಳ್ಳೆಯದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ವರ್ಷದ ಮಗುವಿಗೆ ಅದು ದಿನಕ್ಕೆ ಸುಮಾರು ನಾಲ್ಕು ಚಮಚ. ಎರಡು ವರ್ಷದೊಳಗೆ ಸಕ್ಕರೆ ಬೆರೆಸುವುದೇ ಬೇಡ. ಹಾಲಿಗೆ ಬೆರೆಸುವ ಚಾಕಲೇಟ್ ಪುಡಿಗಳ ಮೇಲೂ ನಂಬಿಕೆ ಇಡಬೇಕಿಲ್ಲ. ಇಂಥವುಗಳನ್ನು ‘ಆರೋಗ್ಯ ಪಾನೀಯ’ ವಿಭಾಗದಿಂದ ತೆಗೆಯುವಂತೆ ಕೇಂದ್ರ ವಾಣಿಜ್ಯ ಸಚಿವಾಲಯ 2024ರ ಏಪ್ರಿಲ್‌ನಲ್ಲಿ ಆನ್‌ಲೈನ್ ಮಾರಾಟ ತಾಣಗಳಿಗೆ ಸೂಚಿಸಿತು. ಶಾಲೆಯ ಆವರಣದಲ್ಲಿ ಮತ್ತು ಗೇಟಿನಿಂದ 50 ಮೀಟರ್ ಒಳಗೆ ಅತಿ ಸಕ್ಕರೆ, ಉಪ್ಪು, ಕೊಬ್ಬಿನ ತಿನಿಸು ಮಾರಬಾರದೆಂದು 2020ರ ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಬಹಳಷ್ಟು ಊರುಗಳಲ್ಲಿ ಈ ನಿಯಮ ಇರುವುದೇ ಗೊತ್ತಿಲ್ಲ. ಅದನ್ನು ಜಾರಿಗೆ ತರುವ ಹೊಣೆಯನ್ನು ಪಂಚಾಯಿತಿ ಮತ್ತು ಶಾಲಾಭಿವೃದ್ಧಿ ಸಮಿತಿ ಹೊರಬೇಕು.

ಶಾಲೆಯ ಬಿಸಿಯೂಟ ಇಂದು ರಾಜ್ಯದ ಕೈಯಲ್ಲಿರುವ ದೊಡ್ಡ ಸಾಧನ. 2002ರಲ್ಲಿ ಈಶಾನ್ಯ ಕರ್ನಾಟಕದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹ ಆರಂಭವಾಯಿತು, 2013ರಲ್ಲಿ ಕ್ಷೀರಭಾಗ್ಯದ ಹಾಲು ಬಂತು, 2021ರ ಕೊನೆಯಲ್ಲಿ ಹಿಂದುಳಿದ ಜಿಲ್ಲೆಗಳಿಂದ ಮೊಟ್ಟೆ ಶುರುವಾಯಿತು. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ವ್ಯವಸ್ಥೆಯಾಯಿತು. ಮೊಟ್ಟೆಗೆ ಎದ್ದ ವಿರೋಧಕ್ಕೆ ಮಕ್ಕಳ ಹಸಿವಿಗಿಂತ ಹೆಚ್ಚು ಬೆಲೆ ಕೊಡಬೇಕಿಲ್ಲ. ಬೇಕೆಂದ ಮಗುವಿಗೆ ಮೊಟ್ಟೆ ಸಿಗಲೇಬೇಕು. ಬೇಡವೆನ್ನುವ ಮಗುವಿಗೂ ಅನ್ಯಾಯವಾಗಬಾರದು. ಮೊಟ್ಟೆಯ ಬದಲು ಕೊಡುವ ಬಾಳೆಹಣ್ಣಿನಲ್ಲಿ ಇರುವುದು ಸುಮಾರು ಒಂದು ಗ್ರಾಂ ಪ್ರೋಟೀನ್ ಮಾತ್ರ, ಅದು ಮೊಟ್ಟೆಗೆ ಬದಲಿಯಲ್ಲ. ಬೇಯಿಸಿದ ಶೇಂಗಾ ಅಥವಾ ಕಡಲೆಕಾಳಿನ ಉಸಲಿ ಕೊಡುವುದೇ ಸರಿ.

ಅತಿತೂಕದ ಮಗುವನ್ನು ಉಪವಾಸ ಕೆಡವುವುದು, ಎಲ್ಲರೆದುರು ಹಂಗಿಸುವುದು ಎರಡೂ ಹಾನಿಕರ. ಬೆಳೆಯುವ ಮಗುವಿನ ತೂಕ ಇಳಿಸುವುದಕ್ಕಿಂತ, ಎತ್ತರ ಏರುವಾಗ ತೂಕ ನಿಲ್ಲುವಂತೆ ನೋಡಿಕೊಳ್ಳುವುದೇ ಸಾಮಾನ್ಯವಾಗಿ ಸಾಕು. ದಿನಕ್ಕೆ ಒಂದು ಗಂಟೆ ಓಡಾಟದ ಆಟ ಐದು ವರ್ಷ ದಾಟಿದ ಪ್ರತಿ ಮಗುವಿಗೂ ಬೇಕು. ಪಿ.ಟಿ. ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳು ಇದನ್ನು ಕಸಿದುಕೊಳ್ಳುತ್ತಿವೆ.

ಕೃಶತೆಯನ್ನು ಹಿಡಿಯಲು ಅಂಗನವಾಡಿಯ ತೋಳಿನ ಅಳತೆ ಪಟ್ಟಿ ಸಾಕು. ಆರು ತಿಂಗಳಿಂದ ಐದು ವರ್ಷದವರೆಗಿನ ಮಗುವಿನ ತೋಳಿನ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಎಚ್ಚರ, 11.5ಕ್ಕಿಂತ ಕಡಿಮೆಯಿದ್ದರೆ ತೀವ್ರ ಅಪೌಷ್ಟಿಕತೆ. ಅದರ ಜೊತೆ ಜ್ವರ, ಭೇದಿ, ಪಾದದ ಬಾವು ಅಥವಾ ಊಟ ಸೇರದಿರುವುದು ಕಂಡರೆ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ತಡಮಾಡದೆ ಸೇರಿಸಬೇಕು. ಅಲ್ಲಿ ಸಾಮಾನ್ಯವಾಗಿ ಎರಡು ವಾರ ಇರಬೇಕಾಗುತ್ತದೆ. ಮನೆಯಲ್ಲಿ ಬೇರೆ ಮಕ್ಕಳಿರುವ, ದಿನಗೂಲಿ ನಂಬಿದ ತಾಯಿ ನಡುವೆಯೇ ಹೊರಟು ಬಿಡುವುದು ಇದರಿಂದಲೇ. ಅವಳ ಕೂಲಿ ನಷ್ಟದ ಹಣ ಆಸ್ಪತ್ರೆಯಲ್ಲಿರುವಾಗಲೇ ಕೈಸೇರಬೇಕು, ಉಳಿದ ಮಕ್ಕಳಿಗೆ ಆ ಎರಡು ವಾರ ಅಂಗನವಾಡಿಯಲ್ಲೇ ಊಟದ ವ್ಯವಸ್ಥೆ ಆಗಬೇಕು.