ಸರ್ವರ್ ಬದಲಾಯಿತೆಂದು ಎಲ್ಲರಿಗೂ ಒಂದೇ ಪಾಸ್‌ವರ್ಡೇ?

ನಮಗೆ ತಿಳಿದ ಒಂದು ಕಚೇರಿಯಲ್ಲಿ ಹಳೆಯ ಸರ್ವರನ್ನು ತೆಗೆದು ಹೊಸದನ್ನು ಇಟ್ಟರು. ಮರುದಿನ ಗೋಡೆಯಲ್ಲಿ ಚೀಟಿ: ಎಲ್ಲರ ಪಾಸ್‌ವರ್ಡೂ ಇನ್ನು ಇದೇ, ಒಳಹೋಗಿ ಬದಲಿಸಿಕೊಳ್ಳಿ. ಚೀಟಿ ಮಲಯಾಳದಲ್ಲಿತ್ತು. ಓದಲು ಬಾರದ ನಮ್ಮವರು ಪಕ್ಕದವರಿಂದ ಓದಿಸಿಕೊಂಡರು. ಬದಲಿಸಬೇಕೆಂಬ ಮಾತು ಅನೇಕರಿಗೆ ತಲಪಲೇ ಇಲ್ಲ. ವಿಚಾರಿಸಿದರೆ, ಹಳೆಯ ಪಾಸ್‌ವರ್ಡುಗಳು ಹೊಸ ಯಂತ್ರಕ್ಕೆ ಹೊಂದುವುದಿಲ್ಲವೆಂಬ ಉತ್ತರ. ಇದು ಅರ್ಧ ಸತ್ಯವೆಂದು ನಮ್ಮ ಅಭಿಪ್ರಾಯ.

ಯುನಿಕ್ಸ್ ಆಗಲಿ, ಅದೇ ಬಳಗದ ಲಿನಕ್ಸ್ ಆಗಲಿ (ನಮ್ಮ ಮಕ್ಕಳು ಶಾಲೆಯಲ್ಲಿ ಕಲಿಯುವುದು ಈ ಲಿನಕ್ಸನ್ನೇ) ಪಾಸ್‌ವರ್ಡನ್ನು ಇದ್ದಂತೆ ಬರೆದಿಡುವುದಿಲ್ಲ, ಅರೆದು ಇಡುತ್ತದೆ. ಅರೆದ ಚಟ್ನಿಯಿಂದ ತೆಂಗಿನಕಾಯಿ ಮರಳಿ ಬಾರದು. ನಾವು ಪುನಃ ಪಾಸ್‌ವರ್ಡ್ ಒತ್ತಿದಾಗ ಅದನ್ನೂ ಅದೇ ಕ್ರಮದಲ್ಲಿ ಅರೆದು, ಎರಡನ್ನೂ ತಾಳೆ ನೋಡುತ್ತದೆ. 1979ರಲ್ಲಿ ರಾಬರ್ಟ್ ಮೋರಿಸ್ ಮತ್ತು ಕೆನ್ ಥಾಂಪ್ಸನ್ ವಿವರಿಸಿದ ಕ್ರಮದಲ್ಲಿ ಡಿ.ಇ.ಎಸ್. ವಿಧಾನದಿಂದ 25 ಬಾರಿ ಅರೆಯುವುದಿತ್ತು. ಇಬ್ಬರ ಪಾಸ್‌ವರ್ಡ್ ಒಂದೇ ಆದರೂ ಅರೆದದ್ದು ಬೇರೆಯಾಗಿ ಕಾಣಲೆಂದು ಒಂದು ಚಿಟಿಕೆ ಉಪ್ಪೂ ಬೀಳುತ್ತಿತ್ತು, 4096 ಬಗೆಯದು. ಉಪ್ಪೆಂಬ ಹೆಸರು ನಾವು ಕಟ್ಟಿದ್ದಲ್ಲ, ಅವರೇ ಇಟ್ಟದ್ದು. 8 ಅಕ್ಷರಗಳ ಆಚೆ ಬರೆದುದನ್ನು ಅದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಯಂತ್ರಗಳ ವೇಗ ಹೆಚ್ಚಿದಂತೆ ಬೇರೆ ಬೇರೆ ಅರೆಯುವ ಕ್ರಮಗಳು ಬಂದವು. ಗುರುತಿಗೆ ಸಾಲಿನ ಆರಂಭದಲ್ಲಿ ಎರಡು ಡಾಲರ್ ಚಿಹ್ನೆಗಳ ನಡುವೆ ಒಂದು ಸಂಕೇತ: 1 ಇದ್ದರೆ ಎಂ.ಡಿ.5, 6 ಇದ್ದರೆ ಎಸ್.ಎಚ್.ಎ.-512, ವೈ ಇದ್ದರೆ ಯೆಸ್‌ಕ್ರಿಪ್ಟ್. 2021ರಲ್ಲಿ ಬಂದ ಡೆಬಿಯನ್ 11 ಈ ಕೊನೆಯದನ್ನೇ ರೂಢಿ ಮಾಡಿತು. ಹೊಸ ಯಂತ್ರ ಹಳೆಯ ಗುರುತನ್ನು ಬಲ್ಲುದಾದರೆ ಆ ಸಾಲನ್ನು ಒಂದಕ್ಷರ ತಪ್ಪದೆ ಎತ್ತಿಟ್ಟರೆ ಸಾಕು. ಯಾರಿಗೂ ಏನೂ ಗೊತ್ತಾಗದು. ಅಪರಿಚಿತ ಗುರುತು ಬಂದಾಗ ಮಾತ್ರ ತೊಂದರೆ. ಪಾಸ್‌ವರ್ಡ್ ಸರಿಯಿದ್ದರೂ ತಪ್ಪೆನ್ನುತ್ತದೆ, ಪಾಪದವರು ತಮ್ಮ ಬೆರಳನ್ನೇ ದೂರುತ್ತಾರೆ. ಸ್ಥಳಾಂತರಕ್ಕೆ ಮೊದಲು ಇದನ್ನು ಪರೀಕ್ಷಿಸಲು ಒಂದು ಸಾಲು ಸಾಕಲ್ಲವೇ?

ಹಾಗೆಂದು ಹಳೆಯ ಕ್ರಮವನ್ನೇ ಎಂದೆಂದಿಗೂ ಇಟ್ಟುಕೊಳ್ಳಿರೆಂದು ನಾವು ಹೇಳುವುದಿಲ್ಲ. ಡಿ.ಇ.ಎಸ್. ಕ್ರಮದಲ್ಲಿ ಅರೆದಿದ್ದ ಥಾಂಪ್ಸನ್ನರ ಸ್ವಂತ ಪಾಸ್‌ವರ್ಡೇ 2019ರಲ್ಲಿ ಬಯಲಾಯಿತು. ಅದು ಚದುರಂಗದ ಒಂದು ನಡೆಯಾಗಿತ್ತು! ಆದ್ದರಿಂದ ಹಳೆಯ ಪಾಸ್‌ವರ್ಡಿನಿಂದ ಒಮ್ಮೆ ಒಳಬಿಟ್ಟು, ಆಗಲೇ ಹೊಸದನ್ನು ಇಡುವಂತೆ ಯಂತ್ರವೇ ಕೇಳಲಿ. ಅದನ್ನು ಹೊಸ ಕ್ರಮದಲ್ಲೇ ಅರೆದು ಇಡುತ್ತದೆ. ಇದಕ್ಕೆ ಬೇಕಾದ ಆಜ್ಞೆ ಲಿನಕ್ಸಿನಲ್ಲಿ ಮೊದಲೇ ಇದೆ.

ನಿಜಕ್ಕೂ ಹೊಂದದಿದ್ದರೆ ಒಬ್ಬೊಬ್ಬರಿಗೆ ಬೇರೆ ಬೇರೆ ಪಾಸ್‌ವರ್ಡ್ ಮಾಡಿ ಕೈಯಲ್ಲೇ ಕೊಡಬೇಕು, ಗೋಡೆಗೆ ಅಂಟಿಸಬಾರದು. ಕೊಡುವ ಚೀಟಿಯಲ್ಲಿ ಕನ್ನಡದ ನಾಲ್ಕು ಸಾಲೂ ಇರಲಿ; ಬರೆದುಕೊಡಲು ಜನ ಸಿಗದಿದ್ದರೆ ನಮ್ಮಂತಹ ಅಧ್ಯಾಪಕರನ್ನು ಕರೆಯಲಿ, ಬರುತ್ತೇವೆ.