ಚಾರ್ಲಿ ನಿಂತಲ್ಲಿ ನಿಲ್ಲುವ ಪಯಣ

1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಕಾದಂಬರಿಕಾರ ಜಾನ್ ಸ್ಟೈನ್‌ಬೆಕ್ ತಮ್ಮ ದೇಶವನ್ನು ಮತ್ತೊಮ್ಮೆ ಕಣ್ಣಾರೆ ಕಂಡು ಬರಲು ಹೊರಟರು. ಆಗ ಅವರಿಗೆ 58 ವರ್ಷ, ಆರೋಗ್ಯ ಅಷ್ಟಕ್ಕಷ್ಟೆ. ಹಿಂಬದಿಯಲ್ಲಿ ಮಲಗಲು, ಬೇಯಿಸಿಕೊಳ್ಳಲು ಪುಟ್ಟ ಮನೆಯನ್ನೇ ಕೂರಿಸಿಕೊಂಡ ಪಿಕಪ್ ಟ್ರಕ್ಕು, ಅದಕ್ಕೆ ಡಾನ್ ಕ್ವಿಕ್ಸೋಟನ ಬಡಕಲು ಕುದುರೆ ರೊಸಿನಾಂಟೆಯ ಹೆಸರು. ಪಕ್ಕದ ಸೀಟಿನಲ್ಲಿ ಚಾರ್ಲಿ ಎಂಬ ವಯಸ್ಸಾದ ಪೂಡಲ್ ನಾಯಿ. ಫ್ರಾನ್ಸಿನಲ್ಲಿ ಹುಟ್ಟಿದ್ದರಿಂದ ಫ್ರೆಂಚಿನಲ್ಲಿ ಹೇಳಿದರೆ ಬೇಗ ಮಾತು ಕೇಳುತ್ತಿತ್ತಂತೆ.

ಚಾರ್ಲಿಗೆ ಮೂತ್ರದ ತೊಂದರೆಯಿತ್ತು. ನಡುದಾರಿಯಲ್ಲಿ ಅದು ಕಷ್ಟಪಟ್ಟಾಗಲೆಲ್ಲ ಟ್ರಕ್ಕು ನಿಲ್ಲಬೇಕು, ಊರು ಬಂದರೆ ಪಶುವೈದ್ಯರನ್ನು ಹುಡುಕಬೇಕು. ಸುಮಾರು 16,000 ಕಿಲೋಮೀಟರಿನ ಆ ಸುತ್ತಾಟದ ಕಥನ 1962ರಲ್ಲಿ ಪುಸ್ತಕವಾಗಿ ಬಂತು. ಅದೇ ವರ್ಷ ಸ್ಟೈನ್‌ಬೆಕ್‌ಗೆ ನೊಬೆಲ್ ಕೂಡ ಬಂತು. ಪುಸ್ತಕ ಓದಿದವರ ಮನಸ್ಸಿನಲ್ಲಿ ಉಳಿಯುವುದು ಹೆದ್ದಾರಿಗಳಲ್ಲ, ನಿಂತ ಜಾಗಗಳು. ಮೇಯ್ನ್ ರಾಜ್ಯದಲ್ಲಿ ಆಲೂಗಡ್ಡೆ ಕೀಳಲು ಕೆನಡಾದಿಂದ ಬಂದ ಕುಟುಂಬವೊಂದು ಬಿಡಾರ ಹೂಡಿರುತ್ತದೆ. ಸ್ಟೈನ್‌ಬೆಕ್ ತಾವಾಗಿ ಹೋಗಿ ಮಾತಾಡಿಸುವುದಿಲ್ಲ. ಮೊದಲು ಚಾರ್ಲಿ ಹೋಗುತ್ತದೆ. ನಾಯಿಯಿಂದ ತೊಂದರೆಯಾಯಿತೇನೋ ಎಂದು ಕೇಳುವ ನೆಪದಲ್ಲಿ ಒಡೆಯ ಹಿಂದೆಯೇ ಹೋಗುತ್ತಾರೆ. ಸ್ವಲ್ಪ ಹೊತ್ತಿಗೆ ಆ ಕುಟುಂಬವೇ ಟ್ರಕ್ಕಿನೊಳಗೆ ಅತಿಥಿಯಾಗಿ ಕೂತಿರುತ್ತದೆ.

ಪುಸ್ತಕದಲ್ಲಿ ಹೆಂಡತಿ ಎಲೇನ್ ಅಲ್ಲಲ್ಲಿ ಸುಳಿದು ಮರೆಯಾಗುತ್ತಾರೆ. ಆದರೆ ಹಸ್ತಪ್ರತಿಯನ್ನು ಮುಂದೆ ಪರಿಶೀಲಿಸಿದವರಿಗೆ ಕಂಡದ್ದು, ಎಲೇನ್ ಅದಕ್ಕಿಂತ ಎಷ್ಟೋ ಹೆಚ್ಚು ದಿನ ಜೊತೆಗಿದ್ದರೆಂಬುದು. ಒಂಟಿ ಪಯಣಿಗನ ಕಥೆಗೆ ಆ ದಿನಗಳು ಹೊಂದಲಿಲ್ಲವೇನೋ. ಅವನ್ನೂ ಬರೆದಿದ್ದರೆ ಪುಸ್ತಕ ಇನ್ನಷ್ಟು ಬೆಚ್ಚಗಿರುತ್ತಿತ್ತು. ನಾಯಿಯೊಡನೆ ದೂರದ ದಾರಿ ನಿಜಕ್ಕೂ ಇಬ್ಬರ ಕೆಲಸ. ಒಬ್ಬರು ಗಾಡಿ ಓಡಿಸಿದರೆ ಇನ್ನೊಬ್ಬರು ಹಿಂದಿನ ಸೀಟಿನ ಮೇಲೆ ಕಣ್ಣಿಡಬೇಕು. ಒಬ್ಬರು ಹೋಟೆಲಿನೊಳಗೆ ದೋಸೆ ತಿನ್ನುವಾಗ ಇನ್ನೊಬ್ಬರು ಹೊರಗೆ ಮರದ ನೆರಳಲ್ಲಿ ಬೆಲ್ಟು ಹಿಡಿದು ನಿಲ್ಲಬೇಕು.

ಬೆಂಗಳೂರಿನಿಂದ ಶನಿವಾರ ನಸುಕಿನಲ್ಲೇ ನೆಲಮಂಗಲ ದಾಟುವ ಕಾರುಗಳಲ್ಲಿ ಇಂಥ ಜೋಡಿಗಳು ಈಗ ಕಾಣಸಿಗುತ್ತಾರೆ. ರೈಲು ಅವರಿಗೆ ಸುಲಭವಲ್ಲ. ನಾಯಿ ಜೊತೆಗಿರಬೇಕೆಂದರೆ ಎಸಿ ಮೊದಲ ದರ್ಜೆಯ ಇಬ್ಬರ ಕೂಪೆಯನ್ನೋ ನಾಲ್ವರ ಕ್ಯಾಬಿನ್ನನ್ನೋ ಪೂರ್ತಿ ಕಾಯ್ದಿರಿಸಬೇಕು. ಇಲ್ಲವಾದರೆ ಅದು ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಒಂಟಿಯಾಗಿ ಹೋಗಬೇಕು. ಹಾಗಾಗಿ ಕಾರೇ ಗತಿ. ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ ಹಾದು ಸಕಲೇಶಪುರಕ್ಕೆ ಸುಮಾರು 220 ಕಿಲೋಮೀಟರು. ಅವಸರದ ಮನುಷ್ಯ ನಾಲ್ಕು ಗಂಟೆಯಲ್ಲಿ ಮುಟ್ಟುವ ಊರು. ನಾಯಿ ಜೊತೆಗಿದ್ದರೆ ಆರು ಗಂಟೆ ಹಿಡಿಯಬೇಕು, ಹಿಡಿಯಲಿ ಕೂಡ. ಎರಡು ಗಂಟೆಗೊಮ್ಮೆ ಇಳಿದು ನೀರು ಕುಡಿಸಿ, ಹುಲ್ಲು ಮೂಸಿಸಿ ಹೊರಡುವಷ್ಟರಲ್ಲಿ ಇಬ್ಬರ ನಡುವೆ ವಾರವಿಡೀ ಆಡದೆ ಉಳಿದ ಮಾತು ತಾನಾಗಿ ಹೊರಬರುತ್ತದೆ. ಯೋಜನೆ ಹಾಕಿ ಮಾಡಿದ ಯಾವ ವಿಹಾರವೂ ಇಷ್ಟು ಸಲೀಸಾಗಿ ಈ ಬಿಡುವನ್ನು ಕೊಡುವುದಿಲ್ಲ.

ಮೂಸುವುದಕ್ಕೆ ಸಮಯ ಕೊಡುವುದು ಮುದ್ದು ಮಾಡುವುದಲ್ಲ. ವಾಸನೆ ಹಿಡಿಯುವ ಗ್ರಾಹಕಗಳು ಮನುಷ್ಯನ ಮೂಗಿನಲ್ಲಿ ಸುಮಾರು 50 ಲಕ್ಷವಿದ್ದರೆ, ನಾಯಿಯ ಮೂಗಿನಲ್ಲಿ 20 ಕೋಟಿಗೂ ಹೆಚ್ಚು ಎಂದು ಅಂದಾಜು. ನಮಗೆ ಬರೀ ರಸ್ತೆಬದಿಯಾಗಿ ಕಾಣುವ ಜಾಗದಲ್ಲಿ ಅದಕ್ಕೆ ಬೆಳಗ್ಗೆ ಹಾದುಹೋದ ಕುರಿ, ಹಿಂದಿನ ರಾತ್ರಿಯ ಮಳೆ, ಊರ ನಾಯಿಗಳ ಗಡಿ ಎಲ್ಲವೂ ತಿಳಿಯುತ್ತದೆ. ಕಿಟಕಿಯಿಂದ ಮೂತಿ ಹೊರಹಾಕುವುದೂ ಇದೇ ಆಸೆಗೆ. ಆದರೆ ಓಡುವ ಗಾಡಿಯಲ್ಲಿ ಧೂಳು, ಹುಳ ನೇರ ಕಣ್ಣಿಗೆ ಬಡಿಯುತ್ತವೆ. 1903ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ನ್ಯೂಯಾರ್ಕಿಗೆ ಮೊದಲ ಬಾರಿ ಕಾರಿನಲ್ಲಿ ದೇಶ ದಾಟಿದ ಡಾಕ್ಟರ್ ಹೊರೇಷಿಯೊ ನೆಲ್ಸನ್ ಜಾಕ್ಸನ್ ಈ ಕಷ್ಟ ಕಂಡವರು. 63 ದಿನಗಳ ಆ ಪಯಣದ ನಡುವೆ ಕೊಂಡ ಬಡ್ ಎಂಬ ನಾಯಿಗೆ ಕ್ಷಾರದ ಧೂಳಿನಿಂದ ಕಣ್ಣು ಕೆಂಪಾದಾಗ, ತಮ್ಮಂತೆ ಅದಕ್ಕೂ ಕನ್ನಡಕ ತೊಡಿಸಿದರು. ಮೆಕ್ಯಾನಿಕ್ ಕ್ರಾಕರ್ ಮತ್ತು ಕನ್ನಡಕದ ಬಡ್ ಜೊತೆಗಿನ ಅವರ ಚಿತ್ರಗಳು ಇಂದಿಗೂ ಉಳಿದಿವೆ.

ಕಣ್ಣಿಗಿಂತ ದೊಡ್ಡ ಅಪಾಯ ಬಿಸಿಲು. ನಾಯಿ ಬೆವರುವುದು ಬಹುಮಟ್ಟಿಗೆ ಪಾದಗಳಲ್ಲಿ ಮಾತ್ರ. ಮೈ ತಣ್ಣಗಾಗುವುದೇನಿದ್ದರೂ ನಾಲಿಗೆ ಚಾಚಿ ಬಿಡುವ ಏದುಸಿರಿನಿಂದ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಶಾಖ ಸುಮಾರು 10 ಡಿಗ್ರಿ ಏರಬಲ್ಲದು, ಗಾಜನ್ನು ಎರಡು ಬೆರಳಷ್ಟು ಇಳಿಸಿಟ್ಟರೂ ಹೆಚ್ಚೇನೂ ತಗ್ಗುವುದಿಲ್ಲ. ಒಂದು ಕಾಫಿ ಕುಡಿದು ಬರುವಷ್ಟರಲ್ಲಿ ಜೀವ ಹೋಗುವ ಸ್ಥಿತಿಗೆ ಬರಬಹುದು. ಪಗ್ಗಿನಂಥ ಚಪ್ಪಟೆ ಮೂತಿಯ ನಾಯಿಗಳಿಗಂತೂ ಉಸಿರಾಟವೇ ಕಷ್ಟ. ಹೋಟೆಲಿನ ಮುಂದೆ ಸರದಿಯಲ್ಲಿ ನಿಲ್ಲುವುದು ಅದಕ್ಕೇ ಬರೀ ಪ್ರೀತಿಯ ಮಾತಲ್ಲ.

ಮಲೆನಾಡು ತಲುಪಿದ ಮೇಲೆ ಇನ್ನೊಂದು ಬಗೆಯ ಎಚ್ಚರ ಬೇಕು. ಮಳೆಗಾಲದಲ್ಲಿ ಇಂಬಳ, ಬೇಸಿಗೆಯಲ್ಲಿ ಉಣುಗು. ಸಂಜೆ ಕಾಲ್ಬೆರಳ ಸಂದಿ, ಕಿವಿಯ ಒಳಗು ನೋಡದೆ ಮಲಗುವಂತಿಲ್ಲ. ಕಾಫಿ ತೋಟಗಳ ಅಂಚಿನಲ್ಲಿ ಚಿರತೆಗೆ ನಾಯಿಯೆಂದರೆ ಸುಲಭದ ಬೇಟೆ. ಹೋಮ್‌ಸ್ಟೇ ಅಂಗಳವೇ ಆದರೂ ಕತ್ತಲಾದ ಮೇಲೆ ನಾಯಿಯನ್ನು ಬಿಟ್ಟು ಓಡಾಡಿಸುವುದು ತಪ್ಪು.

ಅಪಾಯ ನಾಯಿಗೆ ಮಾತ್ರವಲ್ಲ, ನಾಯಿಯಿಂದಲೂ ಇದೆ. 2018ರಲ್ಲಿ ಗಿರ್ ಅರಣ್ಯದಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತವು; ಅವುಗಳಲ್ಲಿ ಹಲವಕ್ಕೆ ನಾಯಿಗಳಲ್ಲಿ ಹರಡುವ ಡಿಸ್ಟೆಂಪರ್ ವೈರಸ್ ತಗುಲಿದ್ದು ಪರೀಕ್ಷೆಯಲ್ಲಿ ಕಂಡಿತು. ಕಾಡು ಹಾದುಹೋಗುವಾಗಲೂ ಈ ಎಚ್ಚರ ಬೇಕು. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ವಾಹನಗಳಿಗೆ ತಡೆಯಿದೆ. ಹಗಲಿನಲ್ಲೂ ಕಾಡಿನ ದಾರಿಯಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ನಾಯಿಯ ನೆಪವೂ ಅಲ್ಲಿ ಸಲ್ಲದು, ಅದರ ಓಡಾಟವನ್ನೆಲ್ಲ ಗುಂಡ್ಲುಪೇಟೆಯಲ್ಲೇ ಮುಗಿಸಿಕೊಳ್ಳಬೇಕು. ಸ್ಟೈನ್‌ಬೆಕ್‌ಗೂ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಾಗಿಲಲ್ಲಿ ಕರಡಿಗಳಿವೆ, ನಾಯಿ ಜೋಪಾನ ಎಂದು ಕಾವಲಿನವರು ಹೇಳಿದ್ದರು. ಚಾರ್ಲಿ ಎಂದೂ ಜಗಳಕ್ಕೆ ಹೋದ ನಾಯಿಯಲ್ಲ ಎಂಬುದು ಸ್ಟೈನ್‌ಬೆಕ್ ಅವರ ನಂಬಿಕೆ. ಮೊದಲ ಕರಡಿ ಕಂಡದ್ದೇ ತಡ, ಆ ಸಾಧು ಪ್ರಾಣಿ ಟ್ರಕ್ಕಿನೊಳಗೆ ಹುಚ್ಚೆದ್ದು ಅಬ್ಬರಿಸಿತು. ಅವರು ಹಟ ಹಿಡಿಯದೆ ಗಾಡಿ ತಿರುಗಿಸಿ ಹೊರಬಂದರು. ಇಡೀ ಪುಸ್ತಕದಲ್ಲಿ ಅತ್ಯಂತ ವಿವೇಕದ ಪುಟ ಅದು. ನೋಡಬೇಕೆಂದಿದ್ದ ಜಾಗವನ್ನು ನಾಯಿಗಾಗಿಯೂ ಕಾಡಿಗಾಗಿಯೂ ಬಿಟ್ಟುಕೊಡುವುದು ಎಲ್ಲರಿಂದಲೂ ಆಗುವ ಮಾತಲ್ಲ.

ಕನ್ನಡಿಗರಿಗೆ ಚಾರ್ಲಿ ಎಂದೊಡನೆ ನೆನಪಾಗುವುದು ಬೇರೆಯೇ ನಾಯಿ. 2022ರಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ಯಲ್ಲಿ ನಾಯಕ ಧರ್ಮ ಕಾಯಿಲೆಬಿದ್ದ ಲ್ಯಾಬ್ರಡಾರಿಗೆ ಹಿಮ ತೋರಿಸಲು ಬೈಕಿನಲ್ಲಿ ಮೈಸೂರಿನಿಂದ ಹಿಮಾಲಯದತ್ತ ಹೊರಡುತ್ತಾನೆ. ಚಿತ್ರ ನೋಡಿ ಕಣ್ಣೊರೆಸಿಕೊಂಡವರು ಅಂಥದ್ದೇ ದೂರಕ್ಕೆ ಆಸೆಪಡಬೇಕಿಲ್ಲ. ಹೆಚ್ಚಿನ ನಾಯಿಗಳಿಗೆ ಹೊಸ ಜಾಗದ ಮಣ್ಣು, ಕೆರೆ ಏರಿಯ ಮೇಲೊಂದು ನಡಿಗೆ, ಮನೆಯವರಿಬ್ಬರೂ ಇಡೀ ದಿನ ಪಕ್ಕದಲ್ಲಿರುವುದು, ಇಷ್ಟು ಸಾಕು.

ದಸರಾ ರಜೆಗೆ ಕೋಣೆ ಕಾಯ್ದಿರಿಸುವ ಜೋಡಿಗಳು ಮೊದಲು ನಾಯಿಯನ್ನು ಪಶುವೈದ್ಯರಿಗೆ ತೋರಿಸಿ, ರೇಬೀಸ್ ಮತ್ತು ಡಿಸ್ಟೆಂಪರ್ ಲಸಿಕೆಯ ದಾಖಲೆ ಕೈಯಲ್ಲಿಟ್ಟುಕೊಳ್ಳಲಿ. ಆಮೇಲೆ ನೋಡಬೇಕಾದ ಜಾಗಗಳ ಪಟ್ಟಿಯಿಂದ ಕನಿಷ್ಠ ಎರಡನ್ನು ಹೊಡೆದುಹಾಕಲಿ. ಹೆದ್ದಾರಿಯ ಹೋಟೆಲಿನವರಲ್ಲೂ ಒಂದು ಮನವಿ: ಅಂಗಳದ ಮೂಲೆಯಲ್ಲಿ ಒಂದಿಷ್ಟು ನೆರಳು, ಒಂದು ಬೋಗುಣಿ ನೀರು ಇಡಿ.